ಐಲಿಯ ಹಿತ್ತಲಿನ ಎರಡು ಮರಕುಟಿಗಗಳು

ಸುಪೀರಿಯರ್ ಸರೋವರದ ದಂಡೆಯ ಒಂದು ಊರಿನಲ್ಲಿ ಐಲಿ ಕೊಸ್ಕೆಲಾ ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು. ಟೋಪಿ ಬದಲಿಸಿಕೊಂಡು ಎರಡನೇ ಸಲ ಬಡಿಸಿಕೊಳ್ಳಲು ಬರುವ ಕಿಲಾಡಿಗಳನ್ನು ದೂರದಿಂದಲೇ ಹಿಡಿಯುತ್ತಿದ್ದಳು. ಅಂಥ ಕಣ್ಣಿಗೆ ಎಪ್ಪತ್ತೆರಡನೇ ವಯಸ್ಸಿನಲ್ಲಿ ಮಂಜು ಕವಿಯಿತು, ಅದೂ ನಟ್ಟನಡುವೆ. ಅಂಚಿನಲ್ಲಿದ್ದದ್ದು ಕಾಣುತ್ತದೆ, ನೇರ ನೋಡಿದ್ದು ಮಾಯ. ಎಂಥ ಅನ್ಯಾಯ ನೋಡಿ!

ಅವಳ ಹಿತ್ತಲಿನ ಬರ್ಚ್ ಮರಕ್ಕೆ ಜಿಂಕೆಯ ಕೊಬ್ಬು ಕಟ್ಟಿದರೆ ಎರಡು ಜಾತಿಯ ಮರಕುಟಿಗ ಬರುತ್ತವೆ. ಚಿಕ್ಕದು ಡೌನಿ, ದೊಡ್ಡದು ಹೇರಿ. ಅದೇ ಕಪ್ಪು ಬಿಳುಪು, ಗಂಡಿನ ಹಿಂದಲೆಯಲ್ಲಿ ಅದೇ ಕೆಂಪು. ಕೊಕ್ಕು ಹೆಚ್ಚುಕಡಿಮೆ ತಲೆಯಷ್ಟೇ ಉದ್ದವಿದ್ದರೆ ಹೇರಿ, ಮೋಟಾಗಿದ್ದರೆ ಡೌನಿ. ಪ್ರತಿ ಚಳಿಗಾಲ ಊರಿನ ಹಕ್ಕಿ ಎಣಿಕೆಗೆ ಇವನ್ನು ಬೇರೆ ಬೇರೆಯಾಗಿ ಬರೆದುಕೊಡುವುದೆಂದರೆ ಐಲಿಗೆ ಪ್ರಾಣ. ಕೊಕ್ಕೇ ಕಾಣದ ಮೇಲೆ ಏನಂತ ಬರೆಯುವುದು? ಅಂದಾಜಿಗೆ ಗೀಚುವ ಜಾಯಮಾನ ಅವಳದಲ್ಲ. ಎಣಿಕೆಯ ಉಸ್ತುವಾರಿ ಹೊತ್ತ ಪಕ್ಕದ ಮನೆಯ ನಾರ್ಬರ್ಟ್‌ಗೆ ಫೋನು ಮಾಡಿ, "ಎಣಿಕೆ ಪುಸ್ತಕ ತಗೊಂಡ್ ಹೋಗೋ, ನನ್ನ ಕೈಲಾಗಲ್ಲ" ಎಂದಳು. ಫೋನಿಟ್ಟು ಅತ್ತಳು.

ದಿಮ್ಮಿ ಲಾರಿ ಓಡಿಸಿ ನಿವೃತ್ತನಾದ ನಾರ್ಬರ್ಟ್ ಕೊರಳಲ್ಲಿ ದುರ್ಬೀನು ತೂಗಿಸಿಕೊಂಡು, ಬೂಟಿನ ಹಿಮ ಕೊಡವಿ ಒಳಗೆ ಬಂದು ಕೂತ. ಐಲಿ ಏಲಕ್ಕಿ ಬನ್ನು ಇಟ್ಟು ಕಾಫಿ ಬಗ್ಗಿಸುತ್ತಿದ್ದಳು. ಒಲೆಯ ಸೆಕೆಗೆ ಕಿಟಕಿ ಬೆರಳಷ್ಟು ತೆರೆದಿತ್ತು. ಹೊರಗೆ ಚುರುಕಾಗಿ ಒಂದು ಕೂಗು ಕೇಳಿಸಿತು.

"ಹೇರಿ ಬಂತು," ಎಂದಳು, ತಲೆಯೆತ್ತದೆ.

ನಾರ್ಬರ್ಟ್ ಬಗ್ಗಿ ನೋಡಿದ. "ಡೌನಿ ಕಣೇ ಅದು. ಗಿಡ್ಡಕ್ಕಿದೆ."

"ನಿನ್ನ ತಲೆ! ದುರ್ಬೀನು ಹಾಕ್ಕೊಂಡು ನೋಡು."

ಹಕ್ಕಿ ಪಕ್ಕಕ್ಕೆ ತಿರುಗಿತು. ಕೊಕ್ಕು ತಲೆಯಷ್ಟುದ್ದ.

"ಅಯ್ಯೋ ಮಾರಾಯ್ತಿ, ಹೇರಿನೇ! ಹೆಂಗೆ ಗೊತ್ತಾಯ್ತು?"

"ಡೌನಿ ಮೆತ್ತಗೆ ಕೂಗುತ್ತೆ. ಇದು ಮೊಳೆ ಹೊಡೆದ ಹಾಗೆ..." ಎಂದವಳು ಕೆಟಲು ಹಿಡಿದೇ ನಿಂತುಬಿಟ್ಟಳು.

ತೀರಿಕೊಂಡ ಗಂಡ ರೈನೊ ಕೊನೆಯ ಎರಡು ಚಳಿಗಾಲ ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ. ಅಲ್ಲಿಂದ ಮರ ಕಾಣದು. ಕೂಗು ಕೇಳಿದರೆ ಸಾಕು, "ಐಲೀ, ಯಾವುದೇ ಅದು?" ಎಂದು ಬೊಬ್ಬೆ ಹಾಕುತ್ತಿದ್ದ. ಒಲೆಯ ಮೇಲೆ ಹಾಲಿದ್ದರೂ ಇವಳು ಓಡಿಹೋಗಿ ನೋಡಿ ಹೇಳಬೇಕು. ದಿನಕ್ಕೆ ನಲವತ್ತು ಸಲ! "ನಿನ್ನ ಹಕ್ಕಿಗಿಷ್ಟು ಬೆಂಕಿ ಬೀಳ" ಎಂದು ಬೈದುಕೊಂಡೇ ಓಡುತ್ತಿದ್ದಳು. ರೋಗಿಯ ಹಠ ಎಂದುಕೊಂಡಿದ್ದಳು. ಹಾಗೆ ಓಡಾಡಿ ಓಡಾಡಿ ಕಿವಿ ಪಳಗಿದ್ದು ಅವಳಿಗೇ ಗೊತ್ತಾಗಿರಲಿಲ್ಲ.

"ಪುಣ್ಯಾತ್ಮ," ಎಂದು ಕಣ್ಣೊರೆಸಿಕೊಂಡಳು. "ಬೈಸ್ಕೊಂಡೇ ಕಲಿಸಿ ಹೋದ ನೋಡೋ. ಒಂದು ದಿನಾನೂ ಒಳ್ಳೆ ಮಾತಾಡ್ಲಿಲ್ಲ ನಾನು."

ನಾರ್ಬರ್ಟ್ ಇನ್ನೊಂದು ಬನ್ನಿಗೆ ಕೈ ಹಾಕಿದ. ಆಮೇಲೆ ಕೇಳಿದ, "ಕೂಗದೇ ಬಂದ್ರೆ ಏನ್ಮಾಡ್ತೀಯ?"

"ನೀನ್ಯಾಕಿದೀಯ, ಬನ್ನು ಖಾಲಿ ಮಾಡೋಕಾ? ಎಣಿಕೆ ದಿನ ಏಳಕ್ಕೇ ಬಾ. ಕಣ್ಣು ನಿಂದು, ಕಿವಿ ನಂದು."

"ಹಂಗಾದ್ರೆ ಪುಸ್ತಕ?"

"ಮುಟ್ಟಿದ್ರೆ ಸೌಟಲ್ಲಿ ಬಾರಿಸ್ತೀನಿ."

ಅವನು ನಗುತ್ತ ಎದ್ದು, ದುರ್ಬೀನನ್ನು ಕಿಟಕಿಯ ಹಲಗೆಯ ಮೇಲೇ ಬಿಟ್ಟು ಹೋದ. ಐಲಿ ಲೋಟ ತೊಳೆಯುತ್ತಿದ್ದಾಗ ಬರ್ಚ್ ಮರದಿಂದ ಮೆತ್ತಗಿನ ಕೂಗು ಬಂತು. ಒಳಕೋಣೆಯ ಬಾಗಿಲ ಕಡೆ ತಿರುಗಿ, ಅವನಿಗೆ ಕೇಳಿಸುವಷ್ಟು ಜೋರಾಗಿ ಹೇಳಿದಳು:

"ಡೌನಿ ಕಣೋ, ರೈನೊ."