ಚಾವಡಿಗೆ ಕೊಟ್ಟ ಹಲಸಿನ ಮರ

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ತುರುವೇಕೆರೆ ಸೀಮೆಯ ನಮ್ಮೂರಿನ ಚಾವಡಿ ಕೂರುವವರಿಗೆ ಅಪಾಯಕಾರಿಯಾಗಿತ್ತು. ತಾತಂದಿರ ತಾತಂದಿರು ಕಟ್ಟಿಸಿದ್ದು ಎನ್ನುತ್ತಿದ್ದರು. ಮದುವೆ ಮಾತುಕತೆ, ಬೇಲಿ ಜಗಳ, ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ನಾಲ್ಕು ಕಂಬಗಳಲ್ಲಿ ಒಂದನ್ನು ಗೆದ್ದಲು ತಿಂದು ಮುಗಿಸಿತ್ತು. ಒಂದು ಪಂಚಾಯ್ತಿಯಲ್ಲಿ ಹೆಂಚು ಜಾರಿ ಜಗಳದ ಎರಡು ಕಡೆಯವರ ಮಧ್ಯೆ ಬಿತ್ತು. ಇಬ್ಬರೂ ಅದನ್ನು ತಮ್ಮ ಪರವಾದ ತೀರ್ಪು ಎಂದುಕೊಂಡರು. ರಿಪೇರಿ ಮಾಡಿಸುವುದೆಂದು ಅವತ್ತೇ ನಿಶ್ಚಯವಾಯಿತು.

ನಾನು ಕೊಬ್ಬರಿ ವ್ಯಾಪಾರ ಮಾಡುತ್ತಿದ್ದುದರಿಂದ ಚಂದಾ ಎತ್ತುವ ಕೆಲಸ ನನ್ನ ಮೇಲೆ ಬಿತ್ತು. ದುಡ್ಡು ಕೇಳಿದರೆ ಜನ ಮುಖ ತಿರುಗಿಸುತ್ತಾರೆ. ತೆಂಗಿನಕಾಯಿ ಕೇಳಿದರೆ ಕೊಡುತ್ತಾರೆ, ಸಣ್ಣವನ್ನು ಆರಿಸಿ. ಆ ಕಾಯಿ ಮಾರಿ ಹೆಂಚು, ಸುಣ್ಣ, ಕೂಲಿ ಹೊಂದಿಸಿದೆವು. ಕಂಬಕ್ಕೆ ಮಾತ್ರ ಮರ ಸಿಗಲಿಲ್ಲ. ಉಳಿದ ಮೂರೂ ಹಲಸಿನವು. ಅಷ್ಟು ದಪ್ಪದ ಹಲಸು ಊರಿನಲ್ಲಿದ್ದದ್ದು ಒಂದೇ, ನಮ್ಮ ದೊಡ್ಡಮ್ಮನ ಹಿತ್ತಲಿನಲ್ಲಿ.

ದೊಡ್ಡಮ್ಮ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಗಂಡ ಹೋದ ಮೇಲೆ ತೋಟವನ್ನು ಒಬ್ಬಳೇ ನಡೆಸಿದವಳು. ನಾನು ಹೋದಾಗ ರಾಗಿ ಕೇರುತ್ತಿದ್ದಳು. ಮರ ಕೇಳಿದೆ. ಮೊರ ನಿಲ್ಲಲಿಲ್ಲ.

“ಕಡ್ಕೊಂಡು ಹೋಗ್ರಪ್ಪ. ಆದ್ರೆ ಆ ಕಂಬಕ್ಕೆ ಒರಗ್ಕೊಂಡು ಕೂರೋಳು ನಾನು.”

“ಚಾವಡೀಲಿ ಹೆಂಗಸ್ರು ಕೂರಲ್ವಲ್ಲ ದೊಡ್ಡಮ್ಮ.”

“ಹಂಗಾರೆ ಗಂಡಸ್ರ ಹಿತ್ಲಲ್ಲೇ ಹಲಸು ಹುಡುಕ್ಕಳಿ.”

ಊರಿನ ಹಿರಿಯರಿಗೆ ತಿಳಿಸಿದೆ. ತಮಾಷೆಗೆ ಅಂದಿರಬೇಕು ಎಂದು ನಕ್ಕು ಒಪ್ಪಿದರು. ದೊಡ್ಡಮ್ಮ ತಮಾಷೆ ಮಾಡಿದ್ದನ್ನು ನಾನಂತೂ ಕಂಡಿರಲಿಲ್ಲ. ಆದರೆ ಕಂಬ ಬೇಕಾಗಿತ್ತು, ಮರ ಕಡಿಯುವವರಿಗೆ ಹೇಳಿ ಕಳಿಸಿದೆ.

ಮರ ಕಡಿದ ದಿನ ಅವಳು ಹಿತ್ತಲಿಗೆ ಬರಲಿಲ್ಲ. ಮರುದಿನ, “ಅಡುಗೆಮನೆಗೆ ಬಿಸ್ಲು ಬತ್ತೈತೆ ಕಣಪ್ಪ,” ಎಂದಷ್ಟೇ ಅಂದಳು.

ಮರ ಒಣಗಿ, ಬಡಗಿ ಕೆತ್ತಿ ನಿಲ್ಲಿಸುವಷ್ಟರಲ್ಲಿ ಇನ್ನೊಂದು ಬೇಸಿಗೆ ಬಂತು. ಹೊಸ ಚಾವಡಿಯ ಮೊದಲ ಪಂಚಾಯ್ತಿ ಅಣ್ಣತಮ್ಮಂದಿರ ಕಾಲುವೆ ತಕರಾರಿನದು. ಎಲ್ಲರೂ ಕೂತ ಮೇಲೆ ದೊಡ್ಡಮ್ಮ ಎಲೆಅಡಿಕೆ ಚೀಲ ಹಿಡಿದು ಮೆಟ್ಟಿಲು ಹತ್ತಿದಳು. ಕಂಬವನ್ನೊಮ್ಮೆ ಸವರಿ, ಒರಗಿ ಕೂತಳು. ಪಂಚಾಯ್ತಿ ನಡೆಸುವ ಯಜಮಾನರು ನನ್ನ ಮುಖ ನೋಡಿದರು. ನಾನು ಹೊಸ ಹೆಂಚು ನೋಡಿದೆ.

“ಅಮ್ಮ, ನ್ಯಾಯ ಶುರುವಾಗ್ತೈತೆ,” ಎಂದರು ಯಜಮಾನರು.

“ಆಗ್ಲಿ ಬುಡಿ. ನಾನೇನ್ ನಿಮ್ ಬಾಯಿ ಕಟ್ಟಿದೀನಾ?”

ಅವತ್ತು ಯಾರೂ ಬೈಗುಳ ಬಳಸದಿದ್ದರಿಂದ ನ್ಯಾಯ ಬೇಗ ಮುಗಿಯಿತು. ದೊಡ್ಡಮ್ಮ ಎದ್ದು ಹೋಗುವಾಗ, “ಇಷ್ಟೇನಾ?” ಎಂದಳು.

ಮುಂದಿನ ಸಲ ಅವಳ ಜೊತೆ ನೆರೆಮನೆಯ ಇಬ್ಬರು ಹೆಂಗಸರು ಬಂದು ಕೂತರು. ಅವರನ್ನು ಎಬ್ಬಿಸಿದರೆ ದೊಡ್ಡಮ್ಮನನ್ನೂ ಎಬ್ಬಿಸಬೇಕಾಗುತ್ತಿತ್ತು, ಯಾರೂ ಎಬ್ಬಿಸಲಿಲ್ಲ. ಕ್ರಮೇಣ, ಮಳೆಗೆ ಮುಂಚೆ ಹೆಂಚು ಕೈಯಾಡಿಸಲು, ಸುಣ್ಣ ಬಳಿಸಲು ಕಾಯಿ ಎತ್ತುವ ಕೆಲಸವೂ ಹೆಂಗಸರ ಕೈಗೆ ಹೋಯಿತು. ಅವರು ಪ್ರತಿ ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ರಿಪೇರಿಗೆ ದುಡ್ಡು ಸಾಲತೊಡಗಿ, ಮಳೆಗಾಲದಲ್ಲಿ ಚಾವಡಿ ಸೋರುವುದು ನಿಂತಿತು.

ಎಂಬತ್ತರ ದಶಕದಲ್ಲಿ ಒಂದು ಮೋಡದ ದಿನ ನೆನೆಯಬಾರದೆಂದು ನನ್ನ ಕೊಬ್ಬರಿ ಮೂಟೆಗಳನ್ನು ಚಾವಡಿಯಲ್ಲಿ ಇಳಿಸಿದೆ. ಊರಿನ ಜಾಗದಲ್ಲಿ ಸ್ವಂತ ಸರಕು ಯಾಕೆಂದು ಪಂಚಾಯ್ತಿಯಲ್ಲಿ ಮೊದಲು ಆಕ್ಷೇಪ ಎತ್ತಿದವಳು ನನ್ನ ಹೆಂಡತಿ. ಒಂದು ಗೋಡೆಗೆ ನಾನೇ ಸುಣ್ಣ ಬಳಿಯಬೇಕೆಂದು ದಂಡ ಹಾಕಿದರು. ಬಳಿದೆ. ದೊಡ್ಡಮ್ಮ ಬಂದು ನೋಡಿದಳು.

“ಮೂಲೆ ಬುಟ್ಟಿದೀಯಲ್ಲ ಮಗ.”

ನಾನು ಮತ್ತೆ ಸುಣ್ಣ ಕಲಸಿದೆ.