ಮಣ್ಣಕ್ಕನ ಅರ್ಧ ಸುತ್ತು

ನನ್ನ ದೊಡ್ಡಮ್ಮನಿಗೆ ಬಲಕ್ಕೆ ತಿರುಗಲು ಬರುವುದಿಲ್ಲ ಎಂದು ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಿದ್ದೆವು. ಅವಳು ಹುಟ್ಟಿದ್ದು ಬೈಕ್ ರೇಸಿನ ಮೈದಾನಕ್ಕೆ ಅಂಟಿಕೊಂಡ ಎರಡು ಕೋಣೆಯ ಮನೆಯಲ್ಲಿ, ದುಡಿದದ್ದೆಲ್ಲ ಆ ಮೈದಾನದೊಳಗೆ. ಮೊಟ್ಟೆಯಾಕಾರದ ಆ ಮಣ್ಣಿನ ದಾರಿಯಲ್ಲಿ ಬೈಕುಗಳು ಎಡಕ್ಕೇ ತಿರುಗುತ್ತ ಸುತ್ತುತ್ತವೆ. ಒಂದು ಓಟಕ್ಕೆ ನಾಲ್ಕು ಜನ, ನಾಲ್ಕು ಸುತ್ತು. ಬೈಕಿಗೆ ಬ್ರೇಕ್ ಎಂಬುದೇ ಇಲ್ಲ. ತಿರುವು ಬಂದಾಗ ಸವಾರ ಎಡಗಾಲನ್ನು ನೆಲಕ್ಕೆ ಊರಿ, ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿಕೊಂಡು ಹೋಗುತ್ತಾನೆ. ಬೂಟಿನ ಅಡಿಗೆ ಕಬ್ಬಿಣದ ತಗಡು ಕಟ್ಟಿರದಿದ್ದರೆ ಒಂದೇ ಸಂಜೆಗೆ ಅಟ್ಟೆ ಸವೆದು ಹೋಗುತ್ತದೆ. ಒಂದೊಂದು ಓಟ ಮುಗಿದಾಗಲೂ ಮಣ್ಣೆಲ್ಲ ಹೊರಗಿನ ಅಂಚಿಗೆ ಎರಚಿ ಬಿದ್ದಿರುತ್ತದೆ. ಟ್ರ್ಯಾಕ್ಟರಿಗೆ ಕಟ್ಟಿದ ಹಲಗೆಯಿಂದ ಅದನ್ನು ಮತ್ತೆ ಒಳಕ್ಕೆ ಎಳೆದು, ಗುಂಡಿ ಮುಚ್ಚಿ, ನೀರು ಹಾಕಿ, ಮುಂದಿನ ಓಟಕ್ಕೆ ನೆಲ ಹದ ಮಾಡುವುದು ದೊಡ್ಡಮ್ಮನ ಕೆಲಸ. ಸವಾರರೆಲ್ಲ ಅವಳನ್ನು ಮಣ್ಣಕ್ಕ ಎನ್ನುತ್ತಾರೆ.

ಈ ಕೆಲಸ ಮೊದಲು ಅಜ್ಜನದಾಗಿತ್ತು. ಆಗ ಪಕ್ಕದ ಕಾರ್ಖಾನೆಯ ಬಾಯ್ಲರಿನಲ್ಲಿ ಉರಿದುಳಿದ ಕಲ್ಲಿದ್ದಲ ಕಿಟ್ಟವನ್ನೇ ಪುಡಿ ಮಾಡಿ ಹಾಸುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತು ರೇಸು ನೋಡಿ ಮುಖವೆಲ್ಲ ಮಸಿಯಾದವರನ್ನು ಮನೆಯಲ್ಲಿ ಹೆಂಡತಿಯರು ದನಿಯಿಂದಲೇ ಗುರುತು ಹಿಡಿಯಬೇಕಾಗುತ್ತಿತ್ತಂತೆ. ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಈಗ ಮಣ್ಣು ಲಾರಿಯಲ್ಲಿ ಬರುತ್ತದೆ, ತಿರುವಿನಲ್ಲಿ ಮರದ ಹಲಗೆಯ ಬೇಲಿಯಿದ್ದ ಕಡೆ ಗಾಳಿ ತುಂಬಿದ ದಿಂಬುಗಳಿವೆ, ಜನ ಮಾತ್ರ ಅಲ್ಲೊಬ್ಬರು ಇಲ್ಲೊಬ್ಬರು. ಟಿಕೆಟ್ ಕಿಟಕಿಯಲ್ಲಿ ಕೂರುವವಳು ನಾನೇ ಆದ್ದರಿಂದ ಇದನ್ನು ಯಾರೂ ನನಗೆ ಹೇಳಬೇಕಾಗಿಲ್ಲ.

ಇಪ್ಪತ್ತರ ಆಸುಪಾಸಿನಲ್ಲಿ ದೊಡ್ಡಮ್ಮನಿಗೆ ಬೈಕಿನ ಹುಚ್ಚು ಹಿಡಿಯಿತು. ಒಂದು ಸುತ್ತು, ಒಂದೇ ಒಂದು ಸುತ್ತು, ಖಾಲಿ ಮೈದಾನದಲ್ಲಾದರೂ ಸರಿ ಎಂದು ಆಗಿನ ಮ್ಯಾನೇಜರನ್ನು ಕೇಳಿಕೊಂಡಳು. ಹೆಂಗಸರು ಬೈಕು ಹತ್ತಿ ಈ ಮಣ್ಣಿಗೆ ಇಳಿಯುವಂತಿಲ್ಲ ಎಂದು ಅವನು ನಿಯಮ ಹೇಳಿದ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಟ್ರ್ಯಾಕ್ಟರ್ ಇದೆಯಲ್ಲ, ಗಾಣದೆತ್ತಿನ ಹಾಗೆ ಎಷ್ಟು ಬೇಕಾದರೂ ಸುತ್ತು ಎಂದು ನಕ್ಕನಂತೆ. ಆ ಮನುಷ್ಯ ಈಗಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ, ನನಗೆ ಆಡಬೇಕು ಅನ್ನಿಸುತ್ತದೆ.

ಮುಂದೆ ಅವಳು ಅಲ್ಲಿನ ಮೆಕ್ಯಾನಿಕ್ಕನ್ನೇ ಮದುವೆಯಾದಳು. ಅಕ್ಕ ಕೊರಳು ಕೊಟ್ಟದ್ದು ಭಾವನಿಗಲ್ಲ, ಬೈಕಿಗೆ ಎಂದು ನನ್ನ ಅಮ್ಮ ಛೇಡಿಸುತ್ತಿದ್ದಳು. ಓಟಕ್ಕೆ ಮುಂಚೆ ಎಂಜಿನ್ ಬಿಸಿ ಮಾಡಲು ಬೈಕನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸುತ್ತಾರೆ, ಹಿಂದಿನ ಚಕ್ರ ಗಾಳಿಯಲ್ಲೇ ತಿರುಗುತ್ತದೆ. ದೊಡ್ಡಪ್ಪ ಆಗ ಹೆಂಡತಿಯನ್ನು ಕರೆದು ಸೀಟಿನ ಮೇಲೆ ಕೂರಿಸುತ್ತಿದ್ದರು. ಅವಳು ಕಣ್ಣು ಮುಚ್ಚಿಕೊಂಡು ಆಕ್ಸಿಲರೇಟರ್ ತಿರುವುತ್ತಿದ್ದಳು. ಒಂದಂಗುಲವೂ ಮುಂದೆ ಹೋಗದ ಆ ಸವಾರಿ ಅವಳಿಗೆ ಸಾಕಾಗಿತ್ತು ಎಂದು ಎಲ್ಲರೂ ಅಂದುಕೊಂಡೆವು. ಸಾಕಾಗಿರಲಿಲ್ಲ. ಟ್ರ್ಯಾಕ್ಟರ್ ತಿರುವಿಗೆ ಬಂದಾಗಲೆಲ್ಲ ಅವಳ ಎಡ ಮೊಣಕಾಲು ತಾನಾಗಿ ಹೊರಕ್ಕೆ ಬಾಗುತ್ತಿತ್ತು. ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಕೇಳಿದರೆ ಸೊಂಟ ನೋವು ಎನ್ನುತ್ತಿದ್ದಳು.

ದೊಡ್ಡಪ್ಪ ತೀರಿಕೊಂಡ ಮೇಲೆ ನಿಯಮ ಬದಲಾಯಿತು. ಹುಡುಗಿಯರೂ ರೇಸಿಗೆ ಬಂದರು. ಮೊದಲು ಬಂದವಳನ್ನು ನಾವು ಗಿರಗಿಟ್ಲೆ ಎಂದು ಕರೆಯುತ್ತೇವೆ. ಅವಳು ಮೊದಲ ಸಲ ಓಡಿಸಿದ ದಿನ ದೊಡ್ಡಮ್ಮ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಬಾಯಿ ಬಿಟ್ಟು ನೋಡಿದಳು. ಮನೆಗೆ ಬಂದು ಊಟ ಮಾಡಲಿಲ್ಲ. ಸಂತೋಷವೋ ಹೊಟ್ಟೆಕಿಚ್ಚೋ ಎಂದು ಕೇಳಿದೆ. ಎರಡೂ ಎಂದಳು.

ಹೋದ ವರ್ಷ ಅವಳ ಮಂಡಿಗಳು ಕೈಕೊಟ್ಟವು. ಈ ಸೀಸನ್ನೇ ಕೊನೆ, ಆಮೇಲೆ ಟ್ರ್ಯಾಕ್ಟರ್ ಹತ್ತಕೂಡದು ಎಂದು ಡಾಕ್ಟರ್ ಕಡ್ಡಿ ಮುರಿದ ಹಾಗೆ ಹೇಳಿದರು. ವಿಷಯ ತಿಳಿದ ಗಿರಗಿಟ್ಲೆ ಸುಮ್ಮನಿರಲಿಲ್ಲ. ಕೊನೆಯ ರೇಸಿನ ದಿನ ಬೆಳಿಗ್ಗೆ, ಗೇಟು ತೆರೆಯುವ ಮುಂಚೆ ತನ್ನ ಬೈಕಿನಲ್ಲಿ ದೊಡ್ಡಮ್ಮ ಒಂದು ಸುತ್ತು ಹೋಗಿ ಬರಬೇಕೆಂದು ಹಟ ಹಿಡಿದಳು. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಸಿಕ್ಕಾಗ ಹಲ್ಲಿಲ್ಲ ಎಂದು ದೊಡ್ಡಮ್ಮ ನಕ್ಕುಬಿಟ್ಟಳು. ಆದರೆ ಆ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ತಲೆ ಬಾಚಿ, ಬೂಟು ಹಾಕಿಕೊಂಡು, ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದಳು.

ಗಿರಗಿಟ್ಲೆಯ ಚರ್ಮದ ಅಂಗಿ ಅವಳಿಗೆ ಹೊಟ್ಟೆಯ ಹತ್ತಿರ ಮುಚ್ಚಲಿಲ್ಲ. ನಗುತ್ತಲೇ ಹಗ್ಗ ಬಿಗಿದೆವು. ಎಡ ಬೂಟಿಗೆ ತಗಡು ಕಟ್ಟಿದೆವು. ಎಳೆದರೆ ಎಂಜಿನ್ ನಿಲ್ಲುವ ದಾರವನ್ನು ಮಣಿಕಟ್ಟಿಗೆ ಸುತ್ತಿದೆವು.

"ಕೆಳಗೆ ನೋಡ್ಬೇಡಿ ಮಣ್ಣಕ್ಕ," ಎಂದಳು ಗಿರಗಿಟ್ಲೆ. "ತಿರುವಿನ ಆ ಕೊನೆ ನೋಡಿ. ಕಣ್ಣು ಎಲ್ಲಿ ಹೋಗುತ್ತೋ ಬೈಕೂ ಅಲ್ಲಿಗೇ ಹೋಗುತ್ತೆ."

ಇಬ್ಬರೂ ಸೇರಿ ತಳ್ಳಿದೆವು. ಎಂಜಿನ್ ಹತ್ತಿಕೊಂಡಿತು, ಬೈಕು ನಮ್ಮ ಕೈಯಿಂದ ಕಿತ್ತುಕೊಂಡು ಹೋಯಿತು. ನೇರ ದಾರಿಯಲ್ಲಿ ಅವಳ ಬೆನ್ನು ನೆಟ್ಟಗಾದದ್ದನ್ನು ಕಂಡೆ. ಮೊದಲ ತಿರುವಿನಲ್ಲಿ ಎಡಗಾಲು ತಾನಾಗಿ ಕೆಳಗಿಳಿಯಿತು, ತಗಡು ಮಣ್ಣಿಗೆ ತಾಗಿತು, ಹಿಂದಿನ ಚಕ್ರ ಜಾರಿತು. ನಿಜವಾಗಿ ಜಾರಿತು! ಗಿರಗಿಟ್ಲೆ ನನ್ನ ರಟ್ಟೆಯನ್ನು ಹಿಡಿದು ಹಿಂಡಿದಳು. ದೊಡ್ಡಪ್ಪ ಇರಬೇಕಾಗಿತ್ತು ಅನ್ನಿಸಿತು ನನಗೆ. ಆಚೆ ಬದಿಯ ನೇರ ದಾರಿ ಮುಗಿದು ಎರಡನೇ ತಿರುವು ಶುರುವಾಗುವ ಕಡೆ ಎಂಜಿನ್ ಸದ್ದು ತಟ್ಟನೆ ನಿಂತಿತು.

ಬಿದ್ದಳೆಂದೇ ತಿಳಿದು ಎದ್ದೆವೋ ಬಿದ್ದೆವೋ ಎಂದು ಓಡಿದೆವು. ಅವಳು ಬಿದ್ದಿರಲಿಲ್ಲ. ದಾರ ಎಳೆದು, ಬೈಕನ್ನು ಒಳಗಿನ ಹುಲ್ಲಿನ ಮೇಲೆ ಮಲಗಿಸಿ, ತಗಡು ಕಟ್ಟಿದ ಕಾಲಿನಿಂದ ನೆಲವನ್ನು ತುಳಿಯುತ್ತ ನಿಂತಿದ್ದಳು. ಅಲ್ಲಿ ಮಣ್ಣು ಮೆತ್ತಗಿದೆಯಂತೆ, ಸಂಜೆ ಚಕ್ರ ಹೂತು ಯಾರಾದರೂ ಬೀಳುತ್ತಾರಂತೆ.

ಗಿರಗಿಟ್ಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಾನೂ ನಕ್ಕೆ. ಅದನ್ನು ಆಮೇಲೆ ನೋಡೋಣ, ಮತ್ತೆ ತಳ್ಳುತ್ತೇವೆ, ಉಳಿದರ್ಧ ಮುಗಿಸಿ ಬನ್ನಿ ಎಂದು ಅವಳು ಬೈಕು ಎತ್ತಿ ನಿಲ್ಲಿಸಿದಳು. ದೊಡ್ಡಮ್ಮ ಹೆಲ್ಮೆಟ್ ತೆಗೆದಳು. ಮುಖವೆಲ್ಲ ಒದ್ದೆಯಾಗಿತ್ತು. ದೊಡ್ಡಪ್ಪ ಹೋದಾಗಲೂ ಅವಳು ಹೀಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

"ಬೇಡ ಕಣಮ್ಮ, ಬೈಕು ತಗೊಂಡು ಹೋಗು," ಎಂದಳು ಗಿರಗಿಟ್ಲೆಗೆ. ಆಮೇಲೆ ನನ್ನ ಕಡೆ ತಿರುಗಿದಳು. "ಕಣ್ಣು ಮೇಲೇಳ್ಲೇ ಇಲ್ಲ ಕಣೆ. ಆ ಕೊನೆ ನೋಡ್ಬೇಕು, ನೋಡ್ಬೇಕು ಅಂದ್ಕೊಂಡೇ ಹೋದೆ. ಬರೀ ಮಣ್ಣೇ ಕಾಣಿಸ್ತು. ಇಪ್ಪತ್ತರಲ್ಲಿ ಬಿಟ್ಟಿದ್ರೆ ಕೊನೆ ಕಾಣ್ತಿತ್ತು ನಂಗೆ."

ಗಿರಗಿಟ್ಲೆ ಬೈಕನ್ನು ತಳ್ಳಿಕೊಂಡು ಮೆಲ್ಲಗೆ ಹೊರಟಳು. ನಾನು ಹೋಗಿ ಒಂದು ಬಕೆಟ್ ನೀರು ತಂದೆ. ದೊಡ್ಡಮ್ಮ ಅಳುತ್ತಲೇ ನೀರು ಚಿಮುಕಿಸಿ, ಮಂಡಿಯೂರಿ, ಸಂಜೆಯ ಓಟಕ್ಕೆ ಆ ಜಾಗವನ್ನು ಕೈಯಲ್ಲೇ ತಟ್ಟಿ ಹದ ಮಾಡಿದಳು.