ಕೆಳಗಿನ ಮಹಡಿಗೆ ಇಳಿದ ಬಸಳೆ

ತರಕಾರಿ ಎಲ್ಲಿಂದ ಬರುತ್ತದೆ ಎಂದು ಕೇಳಿದ್ದಕ್ಕೆ ನನ್ನ ಏಳು ವರ್ಷದ ಮಗಳು ಅನ್ವಿ, "ವಾಚ್‌ಮನ್ ಅಂಕಲ್ ಕೊಡ್ತಾರೆ" ಎಂದಳು. ತಪ್ಪೇನಲ್ಲ ಬಿಡಿ. ಮುಂಬಯಿಯ ಕಾಂದಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಫೋನಿನಲ್ಲಿ ಆರ್ಡರ್ ಮಾಡಿದ್ದೆಲ್ಲ ಗೇಟಿಗೆ ಬಂದು, ಅವರ ಕೈಯಿಂದಲೇ ನಮ್ಮ ಕೈಗೆ ದಾಟುತ್ತದೆ. ಆದರೂ ಆ ಮಾತು ಕೇಳಿ ನನ್ನೊಳಗಿನ ರೈತ ಎದ್ದು ಕೂತ.

ಈ ರೈತ ಹುಟ್ಟಿ ಬೆಳೆದದ್ದು ಸಾಂತಾಕ್ರೂಜಿನ ಚಾಳಿನಲ್ಲಿ. ಅಪ್ಪ ಉಡುಪಿ ಕಡೆಯಿಂದ ಬಂದು ಹೋಟೆಲ್ ಸೇರಿದವರು. ಭಾನುವಾರ ಅಮ್ಮ ಪೇಪರ್ ಹಾಸಿ ಬಸಳೆ ಸೋಸುವಾಗ ಪಕ್ಕದಲ್ಲಿ ಕೂತು ದಂಟು ಮುರಿದದ್ದೇ ನನ್ನ ಕೃಷಿ ಅನುಭವ. ಅಷ್ಟೇ ಬಂಡವಾಳದಲ್ಲಿ ಹೆಂಡತಿ ಶೈಲಜಾಳಿಗೆ ಭಾಷಣ ಬಿಗಿದೆ: "ಮಗು ತಾನು ಬೆಳೆಸಿದ್ದನ್ನು ತಾನೇ ತಿನ್ನುತ್ತದೆ ನೋಡು." ಅನ್ವಿಗೆ ಸೊಪ್ಪೆಂದರೆ ತಟ್ಟೆಯ ಅಂಚಿಗೆ ಸರಿಸುವ ವಸ್ತು. ಒಂದು ಎಲೆ ಅವಳ ಹೊಟ್ಟೆಗೆ ಇಳಿಸಲು ಶೈಲಜಾ ಮಾಡದ ಉಪಾಯವಿಲ್ಲ. "ನೋಡುವ" ಎಂದಳು, ನಂಬಿದ ದನಿಯೇನಲ್ಲ.

ಮಣ್ಣು ಕೊರಿಯರಿನಲ್ಲಿ ಬಂತು. ಭೂಮಿತಾಯಿ ಪ್ಲಾಸ್ಟಿಕ್ ಚೀಲದಲ್ಲಿ ಕೂತು, ಸಹಿ ಹಾಕಿಸಿಕೊಂಡು ಮನೆಯೊಳಗೆ ಬರುತ್ತಾಳೆಂದು ನನಗೂ ಗೊತ್ತಿರಲಿಲ್ಲ. ಮಾರ್ಕೆಟ್ಟಿನಿಂದ ತಂದ ಬಸಳೆ ದಂಟನ್ನು ಊರಿ, ಕುಂಡವನ್ನು ಕಿಟಕಿಯ ಗ್ರಿಲ್ಲಿನಲ್ಲಿಟ್ಟೆವು. ಮಳೆ ಹಿಡಿದದ್ದೇ ತಡ, ಬಳ್ಳಿ ಹಬ್ಬಿತು. ಅನ್ವಿ ಅದಕ್ಕೆ ಚಿಂಟು ಎಂದು ಹೆಸರಿಟ್ಟಳು. ಶಾಲೆಯಿಂದ ಬಂದು ಶೂ ಬಿಚ್ಚುವ ಮೊದಲೇ ಅವನ ಯೋಗಕ್ಷೇಮ. ನಾನು ಬೀಗಿಹೋದೆ.

ಒಂದು ಭಾನುವಾರ ಶೈಲಜಾ ಸಿಗಡಿ ತಂದಳು. ಬಸಳೆ-ಸಿಗಡಿ ಗಸಿ ನೆನೆಯುತ್ತ ಕತ್ತರಿ ಹಿಡಿದು ಹೋದರೆ, ಅನ್ವಿ ಗ್ರಿಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದಾಳೆ.

"ಪಪ್ಪಾ, ಚಿಂಟು ಕೋ ಮತ್ ಕಾಟೋ. ಅವನು ನಮ್ಮ ಮನೆಯವನು."

ಕಣ್ಣಲ್ಲಿ ನೀರು. ನಾನು ಕತ್ತರಿ ಒಳಗಿಟ್ಟೆ. ಸಿಗಡಿ ಸೌತೆಕಾಯಿಯ ಜೊತೆ ಬೆಂದಿತು. ಬಡಿಸುವಾಗ ಶೈಲಜಾ, "ರೈತರೇ, ಇನ್ನೊಂದು ಸೌಟು ಹಾಕಲಾ?" ಎಂದಳು, ಅಷ್ಟೇ.

ಆಶ್ರಮದ ಗಿಡಬಳ್ಳಿಗಳನ್ನು ಋಷಿಗಳು ಮಕ್ಕಳಂತೆ ಸಾಕಿದರು ಎಂದು ಓದಿ ನಾವೆಲ್ಲ ತಲೆದೂಗಿದ್ದೇವೆ. ಮಧ್ಯಾಹ್ನದ ಪಲ್ಯಕ್ಕೆ ಅವರೇನು ಮಾಡುತ್ತಿದ್ದರೆಂದು ಮಾತ್ರ ಯಾರೂ ಬರೆದಿಟ್ಟಿಲ್ಲ. ಬರೆದಿದ್ದರೆ ನನಗೆ ಉಪಕಾರವಾಗುತ್ತಿತ್ತು.

ಅಷ್ಟರಲ್ಲಿ ಯಾರೂ ಕತ್ತರಿಸದ ಚಿಂಟು ಗ್ರಿಲ್ ದಾಟಿ ಕೆಳಗೆ ಇಳಿಯತೊಡಗಿದ. ಕೆಳಗಿನ ಮನೆಯ ಗುಜರಾತಿ ಹೆಂಗಸು ಹಂಸಾಬೆನ್ ಒಂದು ಸಂಜೆ ಬೆಲ್ ಮಾಡಿದರು. ಬಟ್ಟೆಯ ಮೇಲೆ ನೀರು ಬೀಳುತ್ತಿದೆಯೆಂಬ ಜಗಳಕ್ಕೆ ನಾನು ಸಿದ್ಧನಾದೆ. ಅವರ ಕೈಯಲ್ಲಿ ತಟ್ಟೆ ಇತ್ತು.

"ನಿಮ್ಮ ಪೋಯಿ ನಮ್ಮ ಕಿಟಕಿಯೊಳಗೇ ಬಂದಿತ್ತು" ಎಂದರು ಹಿಂದಿಯಲ್ಲಿ. ಪೋಯಿ ಎಂದರೆ ಅವರ ಬಾಯಲ್ಲಿ ಬಸಳೆ. "ಎಲೆ ಕೊಯ್ದು ಭಜಿಯಾ ಮಾಡಿದೆ. ಬಿಸಿ ಇದೆ."

ನಾನೂ ಶೈಲಜಾಳೂ ಮಗಳನ್ನು ನೋಡಿದೆವು. ಅನ್ವಿ ತಟ್ಟೆ ನೋಡಿದಳು, ಓಡಿಹೋಗಿ ಕಿಟಕಿ ನೋಡಿದಳು. ಚಿಂಟು ಮೇಲೆ ಸುಖವಾಗಿದ್ದ. ವಾಪಸು ಬಂದು ತೀರ್ಪು ಕೊಟ್ಟಳು: "ವೋ ತೋ ಆಂಟಿ ಕಾ ಹೈ." ಆಂಟಿಯ ಮನೆಗೆ ಹೋದದ್ದು ಆಂಟಿಯದು. ಆಮೇಲೆ ತಟ್ಟೆಯಲ್ಲಿ ನಮಗೊಂದು ಚೂರೂ ಉಳಿಯಲಿಲ್ಲ.

ಈಗ ನನ್ನೊಳಗಿನ ರೈತನಿಗೆ ಒಂದೇ ಕೆಲಸ. ಮಗಳು ಶಾಲೆಯ ಬಸ್ ಹತ್ತಿದ ಮೇಲೆ ಚಿಂಟುವಿನ ಹೊಸ ಕುಡಿಗಳನ್ನು ನಮ್ಮ ಗ್ರಿಲ್ಲಿನಿಂದ ಬಿಡಿಸಿ, ಮೆಲ್ಲಗೆ ಹಂಸಾಬೆನ್ ಮನೆಯ ಕಡೆ ಇಳಿಬಿಡುವುದು.